ಒಂದೇ ಐಸ್ ಪೆಟ್ಟಿಗೆ, ಎರಡು ಮನೆ

ರಾಯಚೂರಿನ ನಮ್ಮ ಕ್ಲಬ್ಬಿನ ಕೋಣೆಗೆ ನೀವು ಎಂದಾದರೂ ಬಂದರೆ, ಬಾಗಿಲ ಬಲಕ್ಕೆ, ಕೇರಂ ಬೋರ್ಡಿನ ಪಕ್ಕದಲ್ಲಿ, ಹೂವಿನ ಚಿತ್ತಾರದ ಹಳೆಯ ಚಾದರ ಹೊದ್ದುಕೊಂಡ ಉದ್ದನೆಯ ವಸ್ತುವೊಂದು ಕಣ್ಣಿಗೆ ಬೀಳುತ್ತದೆ. ಹೊಸಬರು ಅದನ್ನು ಮೇಜೆಂದು ತಿಳಿದು ಚಹಾದ ಕಪ್ಪು ಇಡಲು ಹೋಗುತ್ತಾರೆ. ಹಳಬರು ಮೆಲ್ಲಗೆ ಅವರ ಕೈ ತಡೆಯುತ್ತಾರೆ, ಕಾರಣ ಮಾತ್ರ ಹೇಳುವುದಿಲ್ಲ. ಚಾದರದ ಕೆಳಗಿರುವುದು ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆ. ಸತ್ತವರನ್ನು, ದೂರದಿಂದ ಬರುವ ಮಗನೋ ಮಗಳೋ ಮುಖ ನೋಡುವ ತನಕ, ಬಿಸಿಲಿನಿಂದ ಕಾಪಾಡಿ ಇಡುವ ಪೆಟ್ಟಿಗೆ.

ನಮ್ಮದು ದೊಡ್ಡ ಹೆಸರಿನ ಸಂಸ್ಥೆಯೇನಲ್ಲ. ಕೆಲವು ವ್ಯಾಪಾರಿಗಳು, ಇಬ್ಬರು ಮೂವರು ಮಾಸ್ತರರು, ಒಬ್ಬ ಕಂಪೌಂಡರ್ ಸೇರಿ, ಬೇಸಿಗೆಯಲ್ಲಿ ಬಸ್ ಹತ್ತಿ ಇಳಿಯುವವರಿಗೆ ಮಣ್ಣಿನ ಹರವಿಗಳಲ್ಲಿ ನೀರಿಟ್ಟದ್ದೇ ಅದರ ಹುಟ್ಟು. ಆಮೇಲೆ ಶಾಲೆಯ ಮಕ್ಕಳಿಗೆ ನೋಟುಪುಸ್ತಕ ಬಂದವು, ಮಾನ್ವಿಯಲ್ಲಿ ಕಣ್ಣಿನ ಶಿಬಿರ ನಡೆಯಿತು, ದೇವದುರ್ಗದ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಹೋದವು. ಕೋಣೆಯ ಗೋಡೆ ತುಂಬ ಆ ದಿನಗಳ ಫೋಟೋಗಳಿವೆ: ಕೊಡುವವರೂ ಪಡೆಯುವವರೂ ಒಂದೇ ಯಂತ್ರದ ಎರಡು ತುದಿ ಹಿಡಿದು ಕ್ಯಾಮೆರಾದತ್ತ ನೋಡುತ್ತಿರುವ ಫೋಟೋಗಳು. ಐಸ್ ಪೆಟ್ಟಿಗೆಯ ಫೋಟೋ ಮಾತ್ರ ಒಂದೂ ಇಲ್ಲ. ಅದನ್ನು ಒಯ್ದ ಮನೆಯಲ್ಲಿ ಯಾರು ತಾನೇ ನಿಂತು ಫೋಟೋ ತೆಗೆಸಿಕೊಂಡಾರು? ಹಾಗಿದ್ದೂ ನಮ್ಮ ಇಷ್ಟು ಕಾಲದ ಕೊಡುಗೆಗಳಲ್ಲಿ ಅತಿ ಹೆಚ್ಚು ಊರು ತಿರುಗಿದ್ದು, ಅತಿ ಹೆಚ್ಚು ಮನೆಗಳ ಒಳಕೋಣೆ ಹೊಕ್ಕದ್ದು ಅದೇ.

ಕೊಟ್ಟವರು ಮಾನ್ವಿಯ ಅಕ್ಕಿ ಗಿರಣಿಯ ಶರಣಪ್ಪನವರು. ಅವರ ತಂದೆ ತೀರಿಕೊಂಡ ಮರುವರ್ಷ, ತಂದೆಯ ನೆನಪಿಗೆಂದು ಕೊಟ್ಟರು. ಭಾಷಣ ಬೇಡ, ಹಾರ ಬೇಡ ಎಂದರು. ಅಂದು ಅವರು ಆಡಿದ ಮಾತು ಒಂದೇ: "ಜಾತಿ ಕೇಳಬ್ಯಾಡ್ರಿ, ಊರು ಕೇಳಬ್ಯಾಡ್ರಿ. ಯಾರು ಮೊದಲು ಕೇಳ್ತಾರ, ಅವರಿಗಿ ಕಳಸ್ರಿ." ಕೋಣೆಯ ಕೆಳಗೇ ನನ್ನ ಔಷಧದ ಅಂಗಡಿ ಇರುವುದರಿಂದ ಪೆಟ್ಟಿಗೆಯ ಹೊಣೆ ನನ್ನ ಪಾಲಿಗೆ ಬಂತು. ಅಳುವ ದನಿಗಳ ಫೋನು ಎತ್ತುವುದು, ಟೆಂಪೋದ ಮಹಿಬೂಬನನ್ನು ಕರೆಯುವುದು, ಮರಳಿ ಬಂದ ಮೇಲೆ ಗಾಜು ಒರೆಸಿ ಚಾದರ ಹೊದಿಸುವುದು. ಶರಣಪ್ಪನವರ ಆ ಒಂದು ಮಾತಿನ ಆಧಾರದ ಮೇಲೆ ಈ ಕೆಲಸ ಎಷ್ಟೋ ಬೇಸಿಗೆ ಯಾವ ತಕರಾರೂ ಇಲ್ಲದೆ ನಡೆದಿತ್ತು.

ಆ ಬೇಸಿಗೆಯ ಒಂದು ಸಂಜೆ ದೇವದುರ್ಗದಿಂದ ಫೋನು ಬಂತು. ಬಾವಿ ತೋಡುವ ಕೆಲಸದ ತಿಮ್ಮಣ್ಣ ಎಂಬವರು ಎದೆನೋವಿನಿಂದ ತೀರಿಕೊಂಡಿದ್ದರು. ಒಬ್ಬಳೇ ಮಗಳು ರೇಣುಕಾ, ಗಂಡನ ಜೊತೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದವಳು, ಸುದ್ದಿ ಕೇಳಿ ಬಸ್ ಹತ್ತಿದ್ದಳು. ಮರುದಿನ ಮಧ್ಯಾಹ್ನದ ಮೇಲಷ್ಟೇ ತಲುಪುವವಳು. ಮಹಿಬೂಬ ಪೆಟ್ಟಿಗೆ ಮುಟ್ಟಿಸಿ ಬಂದ.

ಬೆಳಿಗ್ಗೆ ಇನ್ನೂ ಅಂಗಡಿಯ ಬಾಗಿಲು ತೆರೆದಿರಲಿಲ್ಲ, ಶರಣಪ್ಪನವರ ಫೋನು. ಅವರು ನನ್ನನ್ನು ಕರೆಯುತ್ತಿದ್ದುದು ತಂಗಿ ಎಂದೇ.

"ತಂಗಿ, ಅವ್ವ ಹೋದಳು."

ಅವರ ತಾಯಿಯ ಕೈಯಿಂದ ಎಷ್ಟೋ ಸಲ ಮಜ್ಜಿಗೆ ಕುಡಿದಿದ್ದೆ. ಏನೋ ಸಮಾಧಾನ ಹೇಳಲು ಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ.

"ಪೆಟ್ಟಿಗಿ ಕಳಸು. ನಮ್ಮ ತಂಗಿ ನಾಗಪುರದಿಂದ ಬರಬೇಕು. ನಾಳಿ ಮುಂಜಾನಿ ರೈಲು."

"ಅಣ್ಣಾರ, ಪೆಟ್ಟಿಗಿ ದೇವದುರ್ಗದಾಗ ಅದ್ರಿ. ಅವರ ಮಗಳು ಪುಣೇದಿಂದ ಬರಾಕತ್ಯಾಳ, ಇನ್ನಾ ದಾರ್ಯಾಗ ಅದಾಳ."

ಆ ಕಡೆಯಿಂದ ಬಂದ ದನಿ, ಇಷ್ಟು ವರ್ಷ ನಾನು ಬಲ್ಲ ಶರಣಪ್ಪನವರದಾಗಿರಲಿಲ್ಲ.

"ಅದು ನಮ್ಮ ಪೆಟ್ಟಿಗಿ, ತಂಗಿ. ತರಸು."

ಬೇರೆ ಪೆಟ್ಟಿಗೆಗಾಗಿ ಗೊತ್ತಿದ್ದವರನ್ನೆಲ್ಲ ಕೇಳಿದೆ. ಸೆಖೆಯ ದಿನಗಳಲ್ಲಿ ಸಾವಿಗೂ ಗಿರಾಕಿ ಹೆಚ್ಚು. ಊರಲ್ಲಿದ್ದವೆಲ್ಲ ಹೊರಗೆ ಹೋಗಿದ್ದವು. ಅಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷರು ಫೋನು ಮಾಡಿದರು. ಶರಣಪ್ಪನವರು ಅವರೊಂದಿಗೂ ಮಾತಾಡಿದ್ದರು. "ನೋಡ್ರಿ, ಕೊಟ್ಟವರ ಮನ್ಯಾಗs ಸಾವಾದಾಗ ಇಲ್ಲ ಅನ್ನಾಕ ಬರೂದಿಲ್ಲ. ನೀವs ಹೋಗಿ ಸಮಾಧಾನಲೆ ಹೇಳಿ ತಂದುಬಿಡ್ರಿ. ಅವರಿಗಿ ಐಸ್ ಕೊಟ್ಟು ಬರ್ರಿ, ನಡೀತದ" ಎಂದರು. ನಡೆಯುತ್ತದೆ ಎಂಬ ಮಾತು ಎಷ್ಟು ಸಲೀಸು! ಯಾರ ಮನೆಯ ಅಂಗಳದಲ್ಲಿ ನಡೆಯುತ್ತದೆ ಎಂಬುದರ ಮೇಲೆ ಅದರ ಭಾರ ಬದಲಾಗುತ್ತದೆ.

ಐಸ್ ಕಾರ್ಖಾನೆಯಿಂದ ದೊಡ್ಡ ಗಡ್ಡೆಗಳನ್ನು ಟೆಂಪೋಗೆ ಹೇರಿಸಿ, ಭತ್ತದ ಹೊಟ್ಟು ಸುರಿಸಿ, ಮೇಲೆ ಗೋಣಿಚೀಲ ಮುಚ್ಚಿಸಿ ಹೊರಟೆವು. ಕಲ್ಮಲಾ ದಾಟಿತು, ಗಬ್ಬೂರು ದಾಟಿತು. ರಸ್ತೆಯ ಎರಡೂ ಬದಿ ಕಟಾವಾದ ಹೊಲಗಳು ಬಿಸಿಲಿಗೆ ಬಾಯಿ ತೆರೆದು ಬಿದ್ದಿದ್ದವು. ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಯಾವ ಮಾತಿನಿಂದ ಆರಂಭಿಸಿದರೂ ಅದು ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: ಗಾಜಿನ ಮುಚ್ಚಳ ತೆಗೆದು, ನಾಲ್ಕು ಜನ ಹಿಡಿದು, ಒಬ್ಬ ಮನುಷ್ಯನನ್ನು ಹೊರಗೆ ಎತ್ತಿ ಇಡುವಲ್ಲಿ. ಊರ ಹತ್ತಿರ ಬಂದಾಗ ಮಹಿಬೂಬ ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದ: "ಅಕ್ಕಾ, ನಿನ್ನಿ ಇಳಸುವಾಗ ಆ ಯವ್ವ ನನ್ನ ಕಾಲಿಗಿ ಬೀಳಾಕ ಬಂದಳು. ಇವತ್ತ ನಾನು ಯಾ ಮಾರಿ ಹೊತ್ತು ಒಳಗ ಬರ್ಲಿ?"

ಕಿರಿದಾದ ಓಣಿ. ಮನೆಯ ಮುಂದೆ ಹಳೆಯ ಸೀರೆಗಳನ್ನು ಕಟ್ಟಿ ನೆರಳು ಮಾಡಿದ್ದರು. ನೆರಳಿನಲ್ಲಿ ಪೆಟ್ಟಿಗೆ, ಅದರ ಸುತ್ತ ಹೆಂಗಸರು. ತಿಮ್ಮಣ್ಣನ ಹೆಂಡತಿ ಹುಲಿಗೆಮ್ಮ ಗಾಜಿನ ಮೇಲೆ ಅಂಗೈ ಊರಿ ಕೂತಿದ್ದಳು. ಒಳಗಿನ ತಂಪಿಗೆ ಅವಳ ಬೆರಳುಗಳ ಸುತ್ತ ಮಂಜು ಕಟ್ಟುತ್ತಿತ್ತು, ಅವಳು ಸೆರಗಿನಿಂದ ಒರೆಸಿ ಮತ್ತೆ ಅಂಗೈ ಇಡುತ್ತಿದ್ದಳು. ನಾನು ಅವಳ ಪಕ್ಕ ಕೂತೆ. ಅವಳು ನನ್ನನ್ನು ಯಾರೆಂದು ಕೇಳಲಿಲ್ಲ. "ಮಗಳು ಕಲಬುರ್ಗಿ ದಾಟ್ಯಾಳಂತ ಯವ್ವಾ" ಎಂದಳು, ನಾನು ಅದನ್ನು ಕೇಳಲೆಂದೇ ಬಂದವಳೇನೋ ಎಂಬಂತೆ.

ಆದರೆ ಹೊರಗೆ ಟೆಂಪೋ ನೋಡಿದವರಿಗೆ ಎಲ್ಲ ತಿಳಿದುಹೋಗಿತ್ತು. ತಿಮ್ಮಣ್ಣನ ಜೊತೆ ಬಾವಿ ತೋಡುತ್ತಿದ್ದ ನೆರೆಮನೆಯ ಹನುಮಂತ ಬಂದು ನನ್ನ ಮುಂದೆ ನಿಂತ. ಅವನ ಬೆನ್ನಿಗೆ ಓಣಿಯ ಗಂಡಸರು.

"ವಾಪಸ್ ಒಯ್ಯಾಕ ಬಂದೀರೇನ್ರಿ?"

ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ, ನಿಜ ಹೇಳುವ ಧೈರ್ಯವೂ ಇರಲಿಲ್ಲ. ಎರಡನೆಯದನ್ನೇ ಆರಿಸಿಕೊಂಡೆ. ಮಾನ್ವಿಯಲ್ಲಿ ಹೀಗೆ ಹೀಗೆ ಆಗಿದೆ, ಪೆಟ್ಟಿಗೆ ಕೊಟ್ಟವರ ತಾಯಿಯೇ ಹೋಗಿದ್ದಾರೆ ಎಂದೆ.

"ಹಂಗಾರ ಸಾಹುಕಾರ್ರ ಮನ್ಯಾಗ ಸಾವಾದ್ರ ನಮ್ಮ ಹೆಣ ಬಿಸಲಾಗ ಇಡಬೇಕೇನು? ನಿನ್ನಿ ಕೊಟ್ಟು ಇವತ್ತ ಕಸಗೊಳ್ಳಾಕ ಕೊಟ್ಟಿದ್ದಾದ್ರೂ ಯಾಕ್ರಿ? ಕೊಡದs ಇದ್ದಿದ್ರ ನಿನ್ನಿನs ಮಣ್ಣು ಮಾಡ್ತಿದ್ದಿವಿ. ಮಗಳಿಗಿ ಬಾ ಅಂತ ಹೇಳ್ತಿರಲಿಲ್ಲ."

ಹಿಂದಿನಿಂದ ಯಾರೋ ಟೆಂಪೋದ ಚಾವಿ ಕಿತ್ತುಕೊಳ್ಳಿರೆಂದು ಕೂಗಿದರು. ಮಹಿಬೂಬ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹುಲಿಗೆಮ್ಮ ಈಗ ಮೊದಲ ಬಾರಿಗೆ ನನ್ನ ಮುಖ ನೋಡಿದಳು. ಗಾಜಿನ ಮೇಲಿದ್ದ ಒಂದು ಅಂಗೈಯ ಪಕ್ಕ ಇನ್ನೊಂದನ್ನೂ ಇಟ್ಟಳು.

ಆ ಹೊತ್ತಿಗೇ ಪೆಟ್ಟಿಗೆಯ ಗುಂಯ್‌ಗುಡುವ ಸದ್ದು ನಿಂತಿತು.

ಅಲ್ಲಿಯವರೆಗೆ ಆ ಸದ್ದು ಇತ್ತೆಂಬುದೇ ಯಾರ ಗಮನಕ್ಕೂ ಬಂದಿರಲಿಲ್ಲ. ನಿಂತ ಮೇಲೆ ಓಣಿಗೆ ಓಣಿಯೇ ಕಿವಿಯಾಯಿತು. ಕರೆಂಟು ಹೋಗಿತ್ತು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ಹಗಲೂ ರಾತ್ರಿ ಹೊಗೆ ಉಗುಳಿ ಎಲ್ಲೆಲ್ಲಿಯ ಊರುಗಳನ್ನೋ ಬೆಳಗುತ್ತವೆ. ಅದೇ ಜಿಲ್ಲೆಯ ಈ ಓಣಿಯಲ್ಲಿ ನಡು ಹಗಲಿನ ಬಿಸಿಲಿಗೆ ತಂತಿ ಬರಿದಾಗಿತ್ತು. ಇಬ್ಬರು ಜನರೇಟರ್ ತರಲು ಶಾಮಿಯಾನದ ಅಂಗಡಿಗೆ ಓಡಿದರು. ಅದು ಮದುವೆಯ ಮನೆಗೆ ಹೋಗಿದೆಯೆಂದು ಬರಿಗೈಲಿ ಬಂದರು. ಗಾಜಿನ ಮೇಲಿನ ಮಂಜು ಕರಗಿ ಹನಿಯಾಗಿ, ಹನಿ ಗೆರೆಯಾಗಿ ಇಳಿಯತೊಡಗಿತು. ಸೀರೆಯ ನೆರಳಿನಡಿ ಗಾಳಿ ಕುದಿಯುತ್ತಿತ್ತು. ಹೆಂಗಸರು ಅಳುವುದನ್ನೂ ಮರೆತು ಆ ಗೆರೆಗಳನ್ನೇ ನೋಡುತ್ತಿದ್ದರು.

"ಅಕ್ಕಾ, ಬರಫ್ ಇಳಸ್ಲಾ?" ಮಹಿಬೂಬ ಕೇಳಿದ.

ಆ ಐಸ್ ಈ ಪೆಟ್ಟಿಗೆಯನ್ನು ಬಿಡಿಸಿಕೊಂಡು ಹೋಗಲು ತಂದದ್ದು. ಇಲ್ಲಿ ಇಳಿಸಿದರೆ ಪೆಟ್ಟಿಗೆ ಇಲ್ಲೇ ಉಳಿಯಿತೆಂದೇ ಅರ್ಥ. ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತುಗಳು ಎಲ್ಲಿ ಹೋದವೋ. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಇಳಸು."

ಹನುಮಂತನೇ ಮೊದಲು ಹೆಗಲು ಕೊಟ್ಟ. ಚಾವಿ ಕಿತ್ತುಕೊಳ್ಳಲು ಹೇಳಿದವರೂ ಬಂದರು. ಗಡ್ಡೆಗಳನ್ನು ಒಡೆದು, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಪೆಟ್ಟಿಗೆಯ ಒಳಗೆ ತಿಮ್ಮಣ್ಣನ ಎರಡೂ ಪಕ್ಕಕ್ಕೆ ಇಟ್ಟು ಮುಚ್ಚಳ ಬಿಗಿದರು. ಹೊರಗಿನಿಂದ ಒದ್ದೆ ಗೋಣಿ ಹೊದಿಸಿದರು. ಬಹಳ ಹೊತ್ತಿನ ಮೇಲೆ ಕರೆಂಟು ಬಂದು ಪೆಟ್ಟಿಗೆ ಮತ್ತೆ ಗುಂಯ್‌ಗುಟ್ಟಿದಾಗ ಹುಲಿಗೆಮ್ಮ ನಿಟ್ಟುಸಿರಿಟ್ಟು ಗೋಡೆಗೊರಗಿದಳು.

ನಾನು ಟೆಂಪೋದ ನೆರಳಿಗೆ ಹೋಗಿ ಶರಣಪ್ಪನವರಿಗೆ ಫೋನು ಮಾಡಿದೆ. "ಪೆಟ್ಟಿಗಿ ತರಾಕ ಆಗಲಿಲ್ರಿ ಅಣ್ಣಾರ" ಎಂದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ನೀನs ಬಂದು ನನ್ನ ಮುಂದ ನಿಂತು ಹೇಳು" ಎಂದು ಫೋನಿಟ್ಟರು.

ಹೋಗಲೇಬೇಕಿತ್ತು. ಸಿರವಾರದ ಮೇಲೆ ಹಾಯ್ದು ಮಾನ್ವಿಗೆ ಹೋಗುವ ದಾರಿಯಲ್ಲಿ ಖಾಲಿ ಟೆಂಪೋದ ತಗಡು ಕಟಕಟನೆ ಹಲ್ಲು ಕಡಿಯುತ್ತಿತ್ತು. ಕೊಡುವುದು ಎಂದರೇನು ಎಂದು ನಾನು ಆ ಮೊದಲು ಯೋಚಿಸಿದವಳೇ ಅಲ್ಲ. ನಮ್ಮ ಸಭೆಗಳಲ್ಲಿ ಆ ಮಾತು ಎಷ್ಟು ಸಲ ಬಂದಿದೆಯೆಂದರೆ, ಸವೆದು ನುಣುಪಾಗಿ ಕೈಗೇ ಸಿಗದಂತಾಗಿದೆ. ಹೊಲಿಗೆ ಯಂತ್ರ ಕೊಟ್ಟೆವು, ಕೊಟ್ಟವರಿಗೆ ಅದು ಮತ್ತೆ ಬೇಕಾಗಲಿಲ್ಲ. ನೋಟುಪುಸ್ತಕ ಕೊಟ್ಟೆವು, ನಮ್ಮ ಮಕ್ಕಳಿಗೆ ಬೇರೆ ಇದ್ದವು. ನಮಗೇ ತುರ್ತಾಗಿ ಬೇಕಾದ ಗಳಿಗೆಯಲ್ಲಿ ಇನ್ನೊಬ್ಬರ ಬಳಿ ಇರುವ ವಸ್ತುವನ್ನು ಅವರ ಬಳಿಯೇ ಬಿಡುವುದು, ಅದನ್ನು ನಾವು ಯಾರೂ ಮಾಡಿ ನೋಡಿರಲಿಲ್ಲ. ಅಂಥ ಪರೀಕ್ಷೆ ಬಂದದ್ದು ನಮ್ಮೊಳಗೆ ಎಲ್ಲರಿಗಿಂತ ಉದಾರಿಯಾದ ಮನುಷ್ಯನಿಗೆ, ಅದೂ ತಾಯಿ ಸತ್ತ ದಿನ. ಅವರ ಪರವಾಗಿ ಆ ಪರೀಕ್ಷೆ ಬರೆದುಬಿಡುವ ಹಕ್ಕು ನನಗೆ ಯಾರು ಕೊಟ್ಟರು? ನನ್ನ ಉದಾರತನಕ್ಕೆ ಬೆಲೆ ತೆರುತ್ತಿದ್ದವರು ಅವರು.

ಮಾನ್ವಿಯ ಮನೆಯ ಅಂಗಳದ ತುಂಬ ಜನ. ಟೆಂಪೋ ನಿಲ್ಲುತ್ತಿದ್ದಂತೆ ಶರಣಪ್ಪನವರು ಮೆಟ್ಟಿಲಿಳಿದು ಬಂದು, ಯಾರನ್ನೂ ಮಾತಾಡಿಸದೆ, ತಾವೇ ಹಿಂಬದಿಯ ತಗಡು ಇಳಿಸಿದರು. ಒಳಗೆ ಒದ್ದೆ ಹೊಟ್ಟು ಬಿಟ್ಟರೆ ಏನೂ ಇರಲಿಲ್ಲ.

"ನಿನಗ ಗೊತ್ತದೇನು ತಂಗಿ," ಎಂದರು. ದನಿ ಎತ್ತರವಾಗಿರಲಿಲ್ಲ, ಆದರೆ ಅಂಗಳದ ಮಾತೆಲ್ಲ ನಿಂತಿತು. "ಅಪ್ಪ ಸತ್ತಾಗ ನಮ್ಮ ತಂಗಿ ಹಿಂಗs ರೈಲಿನಾಗ ಬರಾಕತ್ತಿದ್ದಳು. ಬ್ಯಾಸಗಿ. ಆಕಿ ಬರೂದ್ರಾಗ ಮಾರಿ ನೋಡೋ ಹಂಗ ಉಳೀಲಿಲ್ಲ. ನಾನs ಆಕಿ ಕೈ ಹಿಡದು ನೋಡಬ್ಯಾಡ ಅಂತ ಹೊರಗ ಒಯ್ದೆ. ಆಕಿ ಇವತ್ತಿನತನಕ ಅಪ್ಪ ಸತ್ತಾನಂತ ನಂಬಿಲ್ಲ. ಆ ಪೆಟ್ಟಿಗಿ ಯಾಕ ಕೊಟ್ಟೆ ಅನಕೊಂಡಿ? ಈಗ ಅವ್ವನ ಮಾರೀನೂ ಆಕಿಗಿ ತಪ್ಪಬೇಕಾ?"

ಇದನ್ನು ಅವರು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ನಾನು ಕೇಳಿದ್ದು ಒಡೆಯನ ದನಿಯೆಂದುಕೊಂಡಿದ್ದೆ. ಅದು ಹೆದರಿದ ಅಣ್ಣನ ದನಿಯಾಗಿತ್ತು. ದೇವದುರ್ಗದ ಓಣಿಯಲ್ಲಿ ನಾನು ಕಂಡ ಭಯವೇ ಇಲ್ಲಿಯೂ ಬಿಳಿ ಧೋತರ ಉಟ್ಟು ನಿಂತಿತ್ತು. ಅಲ್ಲಿಯ ಹೆಂಗಸು ಎರಡೂ ಅಂಗೈ ಗಾಜಿನ ಮೇಲೆ ಇಟ್ಟಿದ್ದಳು ಎಂದೆ.

ಆಗ ಒಳಗಿನಿಂದ ಅವರ ಚಿಗವ್ವ ನೀಲಮ್ಮ ಹೊಸ್ತಿಲಿಗೆ ಬಂದರು. ಸತ್ತ ತಾಯಿಯ ತಂಗಿ, ಆ ಮನೆಯಲ್ಲಿ ಅವರನ್ನು ಏಕವಚನದಲ್ಲಿ ಕರೆಯಬಲ್ಲ ಕೊನೆಯ ಜೀವ.

"ಲೇ ಶರಣ್ಯಾ, ಹೆಣ್ಣಮಗಳ ಮ್ಯಾಲ ಯಾಕ ಹರಿಹಾಯ್ತಿ? ಒಳಗ ಬಂದು ನಿಮ್ಮವ್ವನ್ನ ನೋಡು. ನೀ ಹೊರಗ ಫೋನ್ ಹಿಡಕೊಂಡು ನಿಂತಾಗs ನಾವು ಆಕಿನ್ನ ಕುಂಡ್ರಿಸೀವಿ. ಮೈ ಬಿಗಿಯೂದ್ರಾಗ ಕುಂಡ್ರಸಬೇಕಿತ್ತು, ಕುಂಡ್ರಿಸಿದ್ವಿ. ನಮ್ಮವರು ಮಣ್ಣಿಗಿ ಹೋಗೂದು ಕುಂತs ಅಲ್ಲೇನು? ಕುಂತಾಕಿನ್ನ ಮತ್ತ ಹೆಂಗ ಮಲಗಸ್ತಿ ಆ ಪೆಟ್ಟಿಗ್ಯಾಗ?"

ನಾವೆಲ್ಲ ಒಳಗೆ ಹೋದೆವು. ಪಡಸಾಲೆಯ ಗೋಡೆಗೆ ಹಲಗೆ ಆನಿಸಿ ಆ ತಾಯಿಯನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹೂವು, ಮಡಿಲಲ್ಲಿ ಬಿಲ್ವಪತ್ರಿ. ಯಾರೋ ಬಂದರೆಂದು ಮಾತಾಡಿಸಲು ಕಾದು ಕೂತಂತಿದ್ದರು. ಶರಣಪ್ಪನವರು ಬಾಗಿಲಲ್ಲೇ ನಿಂತರು. ನಾನು ಪೆಟ್ಟಿಗೆ ತಂದಿದ್ದರೂ ಅದು ಈ ಪಡಸಾಲೆಯಲ್ಲಿ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಅದು ಆಗ ನನಗೆ ಸಮಾಧಾನ ತರಲಿಲ್ಲ, ಏಕೆಂದರೆ ಬಿಸಿಲು ಮಾತ್ರ ಹಾಗೆಯೇ ಇತ್ತು, ರೈಲು ಇನ್ನೂ ಬಹಳ ದೂರವಿತ್ತು.

"ಕುಂತರೂ ಮಲಗಿದರೂ ಸೆಖಿ ಸೆಖೀನs ಚಿಗವ್ವಾ" ಎಂದರು ಶರಣಪ್ಪ, ಸೋತ ದನಿಯಲ್ಲಿ. ಗಿರಣಿಯ ಜನರೇಟರ್ ಮನೆಗೆ ತಂದರು, ದೊಡ್ಡ ಕೂಲರುಗಳನ್ನು ಹಲಗೆಯ ಎರಡೂ ಬದಿ ಇಟ್ಟರು. ಊರಲ್ಲಿ ಸಿಕ್ಕಷ್ಟು ಐಸ್ ತರಿಸಿದರು. ಸಂಜೆಯ ಹೊತ್ತಿಗೆ ಊರಿನ ಐಸ್ ಮುಗಿದಿತ್ತು. ಪಡಸಾಲೆಯಲ್ಲಿ ಇಟ್ಟದ್ದು ಅಗಲ ಬಾಯಿಯ ಪರಾತಗಳಲ್ಲಿ ನೀರಾಗುತ್ತ ಬಂದಿತ್ತು.

ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಟ್ರೇಲರಿನಲ್ಲಿ ನಮ್ಮ ಪೆಟ್ಟಿಗೆ, ತೊಳೆದು ಒರೆಸಿದ್ದು. ಅದರ ಸುತ್ತ ಮಿಂದ ತಲೆ ಇನ್ನೂ ಆರದ ಹನುಮಂತ ಮತ್ತು ಓಣಿಯ ಗಂಡಸರು. ಮಣ್ಣು ಮುಗಿಸಿ, ಜಳಕ ಮಾಡಿ, ನೇರವಾಗಿ ಬಂದಿದ್ದರು. ಹನುಮಂತ ಇಳಿದು ಕೈಮುಗಿದ.

"ತಡಾತ್ರಿ ಸಾಹುಕಾರ್ರ. ಆದಷ್ಟು ಲಗೂನ ತಂದೀವಿ."

ಶರಣಪ್ಪನವರು ಅವನನ್ನೂ ಪೆಟ್ಟಿಗೆಯನ್ನೂ ನೋಡುತ್ತ ನಿಂತರು. ಅವರ ಮುಖ ಬಿಗಿದಿತ್ತು. ನಾನೇ ಹೋಗಿ, ಇಲ್ಲಿ ತಾಯಿಯನ್ನು ಕೂರಿಸಿದ್ದಾರೆ, ಪೆಟ್ಟಿಗೆಗಿಂತ ಈಗ ಐಸಿನದೇ ಚಿಂತೆ ಎಂದು ಹೇಳಿದೆ. ಹನುಮಂತ ಬಾಗಿಲಿನಿಂದಲೇ ಒಳಗೆ ಇಣುಕಿ, ಪರಾತಗಳನ್ನು ನೋಡಿ, ತನ್ನವರೊಂದಿಗೆ ಏನೋ ಮಾತಾಡಿದ. ಪೆಟ್ಟಿಗೆಯನ್ನು ಅಂಗಳದ ಮೂಲೆಗೆ ಇಳಿಸಿದರು. ಟ್ರ್ಯಾಕ್ಟರು ತಿರುಗಿತು.

"ನಡೀರಿ ಡ್ರೈವರಣ್ಣ, ಬರಫ್ ಕಾರ್ಖಾನಿ ನಿಮಗs ಗೊತ್ತು" ಎಂದು ಮಹಿಬೂಬನನ್ನು ಜೊತೆಗೆ ಕರೆದುಕೊಂಡು ರಾಯಚೂರಿನ ದಾರಿ ಹಿಡಿದರು. ಯಾರೂ ಅವರಿಗೆ ಹೋಗಿರೆಂದು ಹೇಳಿರಲಿಲ್ಲ. ತಮ್ಮ ಮನೆಯ ಸಾವಿನ ದಣಿವು ಇನ್ನೂ ಮೈಯಲ್ಲಿದ್ದಾಗಲೇ ಅವರು ತಂದ ಐಸು ಬೆಳಗಾಗುವ ತನಕ ಆ ಪಡಸಾಲೆಯನ್ನು ತಂಪಾಗಿಟ್ಟಿತು.

ಬೆಳಿಗ್ಗೆ ತಂಗಿ ಬಂದರು. ಕಾರಿನಿಂದ ಇಳಿದವರು ನಡೆಯಲಾರದೆ ಅಂಗಳದಲ್ಲೇ ನಿಂತುಬಿಟ್ಟರು. ಅಣ್ಣನ ಮುಖವನ್ನೇ ನೋಡಿದರು, ಇಂದೂ ತನ್ನನ್ನು ತಡೆಯುತ್ತಾನೇನೋ ಎಂಬಂತೆ. ಶರಣಪ್ಪನವರು ಅವರ ಕೈ ಹಿಡಿದು ಒಳಗೆ ಕರೆದೊಯ್ದರು. ಭಜನೆ ನಿಂತಿತು. ತಂಗಿ ಮಂಡಿಯೂರಿ ತಾಯಿಯ ಗಲ್ಲ ಮುಟ್ಟಿದರು, ಹಣೆಯ ವಿಭೂತಿಯ ಬಳಿ ಬೆರಳು ಒಯ್ದರು, ಬಹಳ ಹೊತ್ತು ನೋಡಿದರು.

"ಅಣ್ಣಾ, ಅವ್ವ ಅವ್ವನಂಗs ಅದಾಳ" ಎಂದರು. ಅದಾದ ಮೇಲೆಯೇ ಅವರಿಗೆ ಅಳು ಬಂದದ್ದು.

ಶರಣಪ್ಪನವರು ಹೊರಗೆ ಬಂದರು. ಟ್ರೇಲರಿನ ಅಂಚಿಗೆ ಒರಗಿ ಹನುಮಂತ ಕೂತಿದ್ದ. ಇವರನ್ನು ಕಂಡು ಎದ್ದು ನಿಂತ. ನಿನ್ನೆಯಿಂದ ಇವರು ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಶರಣಪ್ಪನವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ಬಹಳ ಕಷ್ಟಪಟ್ಟು, ನಿನ್ನೆ ಬೆಳಿಗ್ಗೆಯೇ ಕೇಳಬೇಕಾಗಿದ್ದ ಮಾತನ್ನು ಕೇಳಿದರು.

"ನಿಮ್ಮ ಹುಡುಗಿ... ಪುಣೇದಾಕಿ. ಬಂದಳೇನಪ್ಪಾ?"

"ಬಂದಳ್ರಿ," ಎಂದ ಹನುಮಂತ. "ಆಕೀನೂ ಮಾರಿ ನೋಡಿದಳ್ರಿ."